ಹತ್ತರ ಮನೆ

ಶುಕ್ರವಾರ ಅಸರ್ ಬಾಂಗು ಮುಗಿದ ಮೇಲೆ
ಮುಹರ್ರಕ್‌ನ ಈ ಮೂರನೇ ಮಹಡಿಯಲ್ಲಿ
ನಾವು ನಾಲ್ವರು ಹೆಂಗಸರು
ಮೂರನೇ ಇಯತ್ತೆ.

ಸಿಂಪ್ಲಿಸಿಯಾ ಬಾಯಿಗೆ ಕಣ್ಣು ಮಂದ, ಮುಂದಿನ ಸಾಲು.
ಜೈಬುನ್ನಿಸಾ ಕಿಟಕಿಗೆ. ಪಿಡ್ಡಮ್ಮ ನೆಲಕ್ಕೆ.
ಆರಕ್ಕೆ ಡ್ಯೂಟಿ ಇದ್ದ ನಾನು ಬಾಗಿಲ ಬಳಿ, ಚಪ್ಪಲಿ ಹಾಕಿಕೊಂಡೇ.
ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತದೆ.
ಹಾಲಿನ ಪುಡಿಯ ಡಬ್ಬಿಗೆ ಒರಗಿಸಿಟ್ಟ ಫೋನಿನೊಳಗಿಂದ
"ಹಾಜರಿ" ಅನ್ನುತ್ತಾಳೆ ಶಿವಗಂಗಾ.

ಲಿಂಗಸೂಗೂರಿನಾಚೆ ಅವಳೂರಲ್ಲಿ ಆಗಲೇ ದೀಪ ಹಚ್ಚುವ ಹೊತ್ತು.
ಬಾಗಿಲ ಹಿಂಬದಿಯೇ ಕರಿಹಲಗೆ,
ಚಿಲಕ ಇರುವಲ್ಲಿ ಅಕ್ಷರ ಸ್ವಲ್ಪ ಸೊಟ್ಟ.
ಇಪ್ಪತ್ತು ಪಾಠ ಮಾಡಿ ತೋರಿಸಿದರೆ ಡಿ.ಎಡ್. ಮುಗಿಯುತ್ತದಂತೆ.
ಎದುರಿಗೆ ಮಕ್ಕಳಿಲ್ಲದೆ ಬಾಯಿ ಒಣಗುತ್ತದೆಂದು ಅತ್ತಿದ್ದಳು ಒಮ್ಮೆ.
ಮಕ್ಕಳು ತಾನೇ, ನಾವಿಲ್ಲವೆ,
ಅಂದದ್ದು ಯಾರೋ, ಈಗ ನೆನಪಿಲ್ಲ.

ಅವಳು ನಮಗ್ಯಾರಿಗೂ ರಕ್ತಸಂಬಂಧವಲ್ಲ.
ಮೇಲಿನ ಬಂಕಿನಲ್ಲಿ ಮಲಗುತ್ತಿದ್ದ ಕಲಾವತಿಯ ಮಗಳು.
ಸೊಂಟ ಹೋಗಿ ಕಲಾವತಿ ಊರು ಸೇರಿದಳು,
ಮಗಳ ಫೀಸು ಇಲ್ಲೇ ಉಳಿಯಿತು, ಡಬ್ಬಿಯಲ್ಲಿ.
ತಿಂಗಳಿಗೆ ತಲೆಗೆ ಐದು ದಿನಾರ್.
ಒಂದು ಸಲ ಜೈಬುನ್ನಿಸಾ ಕೊಡಲಿಲ್ಲ:
"ನನ್ನ ಅಣ್ಣನ ಮಗಳು ಬೀಡಿ ಕಟ್ಟುತ್ತಿದ್ದಾಳೆ,
ಅವಳಿಗೆ ಬುದ್ಧಿ ಕಡಿಮೆಯೇ?"
ಎರಡು ದಿನ ಚಾ ಬೇರೆ ಬೇರೆ ಕುದಿಯಿತು.
ಮೂರನೇ ದಿನ ಸಿಂಪ್ಲಿಸಿಯಾ ಬಾಯಿ ಡಬ್ಬಿ ಬೋರಲು ಹಾಕಿ
ತಳಕ್ಕೆ ಪೆನ್ನಿನಲ್ಲಿ ಬರೆದಳು: ಎರಡನೆಯದು, ರುಕಿಯಾ.
ಆಮೇಲೆ ಐದು ದಿನಾರ್ ಬಿತ್ತು,
ಚಿಲ್ಲರೆಯಲ್ಲಿ, ಸದ್ದು ಮಾಡಿಕೊಂಡು.

ಇವತ್ತು ದಶಕ ಸಹಿತ ಕಳೆಯುವ ಲೆಕ್ಕ.
ಐವತ್ತೆರಡರಲ್ಲಿ ಮೂವತ್ತೆಂಟು.
"ಎರಡರಾಗ ಎಂಟು ಹೋಗತೈತೇನು?"
ಹೋಗಂಗಿಲ್ಲ ಟೀಚರ್, ಅಂದೆವು ಒಟ್ಟಿಗೆ;
ರಾತ್ರಿಪಾಳಿಯ ಹುಡುಗಿಯರು ಆಚೆಯಿಂದ ಗೋಡೆ ಬಡಿದರು.
"ಹಂಗಾರ ಬಾಜೂ ಹತ್ತರ ಮನಿಗೆ ಹೋಗಿ
ಒಂದು ಹತ್ತು ಇಸಕೊಂಬರ್ರಿ."
ಐದಕ್ಕೆ ಗೀಟು. ತಲೆ ಮೇಲೆ ನಾಲ್ಕು. ಎರಡು ಹನ್ನೆರಡಾಯಿತು.

ಪಿಡ್ಡಮ್ಮ ಕೈ ಎತ್ತಿದಳು.
ಶಾಲೆಯ ಜಗಲಿ ಹತ್ತದವಳು,
ಏಜೆಂಟನಿಗೆ ಇನ್ನೂ ನಲವತ್ತು ಸಾವಿರ ತೀರಿಸಬೇಕಾದವಳು.
"ಟೀಚರ್, ಇಸಕೊಂಡು ಬಂದ ಹತ್ತು
ತಿರುಗಿ ಕೊಡೂದು ಯಾವಾಗ?"

ನಕ್ಕೆವು. ಫೋನು ನಗಲಿಲ್ಲ.
ಪಾಠಯೋಜನೆಯ ಹಾಳೆ ತಿರುವಿದ ಸದ್ದು. ಅದರಲ್ಲಿ ಇರಲಿಲ್ಲ.
"ಗೊತ್ತಿಲ್ರೀ ಚಿಗವ್ವ. ಕೇಳಿ ಹೇಳತೇನಿ."

ಅಂಕೋಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ನನಗೆ ಕಲಿಸಿದವರು,
ಇಲ್ಲಿ ಎಂಟು ವರ್ಷ ನೆಲ ಒರೆಸಲು ಕಲಿಸಿದವರು,
ವೀಸಾದವನು, ಮೇಡಮ್ಮು, ಮೇಡಮ್ಮಿನ ಆರು ವರ್ಷದ ಮಗ,
ಎಲ್ಲರಿಗೂ ಎಲ್ಲ ಗೊತ್ತಿತ್ತು.
ಗೊತ್ತಿಲ್ಲ ಅಂದ ಟೀಚರನ್ನು ನಾನು ನೋಡಿದ್ದು ಇದೇ ಮೊದಲು.
ಡ್ಯೂಟಿಗೆ ಹತ್ತು ನಿಮಿಷ ತಡವಾಯಿತು. ಆಗಲಿ.

ಸೋಮವಾರ ರಾತ್ರಿ ಫೋನಿನಲ್ಲಿ ಅವಳ ದನಿ:
"ಚಿಗವ್ವ, ಅದು ಸಾಲ ಅಲ್ಲಂತ. ಹತ್ತು ಎಲ್ಲೂ ಹೋಗಿಲ್ಲ,
ಐವತ್ತೆರಡರ ಒಳಗ ಐತಿ.
ನಾಕು ಹತ್ತು, ಹನ್ನೆರಡು ಬಿಡಿ, ಕೂಡಿಸಿ ನೋಡ್ರಿ.
ಒಂದ ಮನಿ ರೊಕ್ಕ,
ಪಡಸಾಲಿಯಿಂದ ಅಡಗಿ ಮನಿಗೆ ಬಂದೈತಿ, ಅಷ್ಟ."

ಪಿಡ್ಡಮ್ಮ ಎರಡು ಸಲ ಹಾಕಿಸಿ ಕೇಳಿದಳು.
ಒಣಗಿದ ಬಟ್ಟೆ ಮಡಚುತ್ತ ಬೆರಳೆಣಿಸಿದಳು,
ಬೆರಳು ಸಾಲದೆ ಜೈಬುನ್ನಿಸಾಳ ಕೈ ಹಿಡಿದೆಳೆದಳು.
ಲೆಕ್ಕ ಸರಿ ಇತ್ತು.

"ಆದ್ರೂ" ಅಂದಳು ದೀಪ ಆರಿದ ಮೇಲೆ,
"ಐದು ಇದ್ದದ್ದು ನಾಕಾತಲ್ಲ.
ಆ ಐದರ ಹೊಟ್ಟಿ ಕೇಳಿದವರು ಯಾರು?
ಬರೂ ಶುಕ್ರವಾರ ಕೇಳತೇನಿ."