ಜರಡಿಯಲ್ಲಿ ಉಳಿದದ್ದು

ಎದ್ದ ಕೂಡಲೇ ನರಿ ಮುಖ ನೋಡಿದವರಿಗೆ
ಅದೃಷ್ಟವಂತೆ.
ಎರಡು ವರ್ಷದಿಂದ ನಾನು ನೋಡುತ್ತಿರುವುದು
ಅದರ ಹಿಕ್ಕೆ.

ಹೆಸರಘಟ್ಟದ ಹುಲ್ಲುಗಾವಲಲ್ಲಿ ಬಗ್ಗಿ ಬಗ್ಗಿ ಆಯ್ದು
ತಾರೀಖು ಬರೆದ ಕವರಿನಲ್ಲಿ ತಂದು
ಯಲಹಂಕದ ಬಾಡಿಗೆ ಮನೆಯ ಹಿತ್ತಲ ನಲ್ಲಿಯಡಿ
ಟೀ ಸೋಸುವ ಜರಡಿಯಲ್ಲಿ ತೊಳೆಯುತ್ತೇನೆ.
ಆ ಜರಡಿಯೇ ಬೇರೆ, ಟೀಯದೇ ಬೇರೆ ಎಂದು
ಓನರ್ ಪುಟ್ಟಚೆನ್ನಮ್ಮನಿಗೆ
ಆಣೆ ಮಾಡಿ ಹೇಳಿಯಾಗಿದೆ.

ಮಣ್ಣೆಲ್ಲ ಹರಿದು ಹೋದ ಮೇಲೆ
ನಿಲ್ಲುವುದು ಊಟ:
ಸಗಣಿ ಹುಳದ ಹೊಳೆವ ರೆಕ್ಕೆಚಿಪ್ಪು,
ಇಲಿಯ ಕಿತ್ತಳೆ ಬಣ್ಣದ ಹಲ್ಲು,
ಓತಿಕೇತದ ಬೆರಳು, ಉಗುರು ಸಮೇತ,
ಎಲಚಿ ಬೀಜ, ಮತ್ತೆ ಎಲಚಿ ಬೀಜ.
ಮೊದಲ ಮಳೆಯ ವಾರವಾದರೆ ಬರೀ ಗೆದ್ದಲಿನ ತಲೆ,
ಎಣಿಸಿ ಎಣಿಸಿ ಕಣ್ಣು ಸೋಲುತ್ತದೆ.
ಒಮ್ಮೆ ಕಡಲೆಬೀಜದ ಚೂರು, ಅರಿಸಿನ ಹತ್ತಿದ್ದು,
ಯಾವ ಛತ್ರದ ಹಿಂದಿನ ಎಂಜಲೆಲೆಯ ಚಿತ್ರಾನ್ನವೋ.
ಒಮ್ಮೆ ಬಿಸ್ಕತ್ತಿನ ಬೆಳ್ಳಿ ಕಾಗದ,
ಮಡಿಚಿದ ಹಾಗೇ.

ಮೂಗು ಮುಚ್ಚಿಕೊಂಡು ಪಕ್ಕ ಕುಕ್ಕರುಗಾಲಲ್ಲಿ ಕೂತ
ಪುಟ್ಟಚೆನ್ನಮ್ಮನ ಮೊಮ್ಮಗಳು ಇಂಚರ
ಕೇಳುವುದು ಒಂದೇ: "ದ್ರಾಕ್ಷಿ?"

ಇದೆ. ಎರಡು ಬೀಜ, ಫೆಬ್ರವರಿಯ ಕವರಿನಲ್ಲಿ.
ರಾಜಾನುಕುಂಟೆ ಕಡೆಯ ಚಪ್ಪರದಡಿ ಉದುರಿದ್ದಿರಬೇಕು.
ಹುಳಿಯೋ ಸಿಹಿಯೋ,
ಹಿಕ್ಕೆಯಲ್ಲಿ ಬರೆದಿರುವುದಿಲ್ಲ.

"ತಿನ್ನದೇ ಇದ್ದರೆ ಅದಕ್ಕೆ ಏನಾಗುತ್ತೆ?"

ಹೋದ ವಾರ, ಸ್ಕೂಟಿಯ ಸೀಟು ತೊಯ್ದುಹೋಗುವಷ್ಟು ಮಂಜು.
ಹುಲ್ಲು ಅಲ್ಲಾಡಿತು, ಬಾಲದ ಕಪ್ಪು ತುದಿ ಮಾತ್ರ ಕಂಡಿತು.
ಅದು ಎದ್ದು ಹೋದ ತಗ್ಗಿಗೆ ಅಂಗೈ ಇಟ್ಟೆ.
ಇಡೀ ಬಯಲು ಕೊರೆಯುತ್ತಿತ್ತು,
ಆ ಒಂದು ಗೇಣು ನೆಲ ಬೆಚ್ಚಗಿತ್ತು.

ಅಷ್ಟೇ ಹೇಳಿದೆ ಅವಳಿಗೆ.
ಇಲಿ, ಹುಳ, ಎಲಚಿ ಎಲ್ಲ ಉರಿದು
ಆ ಒಂದು ಗೇಣು.
ಒಲೆ ಆರಬಾರದು, ಓಡಲೂಬೇಕು,
ಬಿಲದಲ್ಲಿ ಮರಿಗಳಿದ್ದರೆ ಹಾಲೂ ಅದರಲ್ಲೇ ಇಳಿಯಬೇಕು.
ಸೌದೆ ಆಯುವುದಕ್ಕೇ ಅದರ ರಾತ್ರಿಯೆಲ್ಲ ಖರ್ಚು.
ಈಗೀಗ ಆಯುವ ಜಾಗಕ್ಕೆ
ಸೈಟಿನ ಕಲ್ಲು ನೆಟ್ಟಿದ್ದಾರೆ.

"ಬೆಳಗಿಂದ ನೀನೇನು ತಿಂದೆ?"
ಒಳಗಿನಿಂದ ಪುಟ್ಟಚೆನ್ನಮ್ಮ.
ನನಗೆ ನೆನಪಾಗಲಿಲ್ಲ.
ಮೂರು ಸಲ ಕೈ ತೊಳೆಸಿ
ಅವರೆಕಾಳಿನ ಉಪ್ಪಿಟ್ಟು ಮುಂದಿಟ್ಟರು.
ಎರಡನೇ ಸಲ ಬಡಿಸುವಾಗ ಮಾತಾಡಲಿಲ್ಲ.

ತಟ್ಟೆ ಎತ್ತಲು ಬಂದ ಇಂಚರ
ಅಂಚಿನಲ್ಲಿ ಬಿಟ್ಟದ್ದನ್ನೆಲ್ಲ ಕಡ್ಡಿಯಲ್ಲಿ ಬೇರೆ ಮಾಡಿ
ನನ್ನ ನೋಟ್‌ಬುಕ್ಕಿನಲ್ಲಿ,
ಇನ್ನೂರ ಹದಿನಾಲ್ಕನೇ ಸಾಲಿನ ಕೆಳಗೆ ಬರೆದಳು:

ನಳಿನಾಕ್ಷಿ ಆಂಟಿ.
ಅವರೆ ಸಿಪ್ಪೆ ಹನ್ನೊಂದು. ಕರಿಬೇವು ಎರಡು.
ಮೆಣಸಿನಕಾಯಿ ಒಂದು, ಪೂರ್ತಿ.
ದ್ರಾಕ್ಷಿ ಇಲ್ಲ.