ಐದು ಸೀಟಿನ ಗುಂಡಿ

ಆಳ ಮೂರಡಿ, ಅಗಲ ಏಳು.
ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹೋಗಿದ್ದಾನೆ ಮೇಸ್ತ್ರಿ ಚಿಕ್ಕಲಿಂಗ,
ನುಗ್ಗೆಮರಕ್ಕೂ ಬಟ್ಟೆ ಒಗೆಯೋ ಕಲ್ಲಿಗೂ ನಡುವೆ.
ಒಂದು ವಾರದಿಂದ ಆ ಗೆರೆಯ ಹೊರಗೇ
ಸುತ್ತುತ್ತಿದ್ದೇನೆ ನಾನು;
ಕೋಳಿಗೆ ಆ ಭಯವಿಲ್ಲ, ಒಳಗೇ ಕೆದಕುತ್ತದೆ.

ಮೈಸೂರಿನ ಅಂಗಡಿಯವನು ಕೊಟ್ಟ ನುಣ್ಣನೆಯ ಹಾಳೆಯಲ್ಲಿ
ಹಬೆಯಾಡುವ ನೀಲಿ ನೀರು, ಕೆಳಗೆ ಅಕ್ಷರ: ಐದು ಸೀಟು.
ನಕ್ಕುಬಿಟ್ಟೆ ಅಲ್ಲೇ.
ಇಪ್ಪತ್ತೇಳು ವರ್ಷ ಮಂಡ್ಯ–ಮೈಸೂರು,
ಹೆಗಲಿಗೆ ಚೀಲ, ಬೆರಳ ಸಂದಿಗೆ ಮಡಚಿದ ನೋಟು,
ಕಂಡಕ್ಟರ್ ಎಂದು ಬರೆದಿದ್ದ ಒಂದೇ ಒಂದು ಸೀಟಿನಲ್ಲಿ
ಯಾವಾಗಲೂ ಒಬ್ಬಳು ಬಸುರಿ, ಇಲ್ಲವೇ
ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಸಿಕೊಂಡು ಬಂದ ಮುದುಕ.
"ವಸಿ ಮುಂದಕ್ಕೋಗಿ, ಮುಂದೆ ಖಾಲಿ ಐತೆ."
ಎಷ್ಟು ಸಾವಿರ ಸಲ ಹೇಳಿದೆನೋ ಈ ಸುಳ್ಳು.
ಈಗ ನಿಜಕ್ಕೂ ಐದು ಖಾಲಿ.
ಕಿಟಕಿ ಪಕ್ಕದ್ದು ಯಾವುದು ಎಂದು ಕೇಳಿದೆ;
ಅಂಗಡಿ ಹುಡುಗ ಹಾಳೆ ತಿರುಗಿಸಿ ತಿರುಗಿಸಿ ನೋಡಿದ.

ಮಂಡಿಯೊಳಗೆ ಕೂತಿವೆ ಆ ರಸ್ತೆಯ ಹಳ್ಳಗಳೆಲ್ಲ.
ಮಹಡಿ ಹತ್ತಿದರೆ ಮೆಟ್ಟಿಲಿಗೊಂದು ಸ್ಟಾಪು ನೋಯುತ್ತದೆ:
ಇಂಡುವಾಳು, ತೂಬಿನಕೆರೆ, ಗಣಂಗೂರು,
ಬಾಬುರಾಯನಕೊಪ್ಪಲಿನಲ್ಲಿ ಗೋಡೆ ಹಿಡಿದು ನಿಲ್ಲುತ್ತೇನೆ.

"ನೆಲದ ಮ್ಯಾಲೆ ಇಡ್ಸು" ಅನ್ನುತ್ತಾನೆ ನನ್ನ ಗಂಡ ಶಿವಮಾದು,
ಮೋಟಾರಿಗೆ ತಂತಿ ಸುತ್ತುತ್ತಲೇ, ತಲೆ ಎತ್ತದೆ.
"ಪಂಪು ಕೆಟ್ರೆ ಬಿಚ್ಚೋನು ನಾನು. ಗುಂಡಿಯೊಳಕ್ಕೆ
ಈ ಹೊಟ್ಟೆ ಇಟ್ಕಂಡು ಹೆಂಗಮ್ಮಿ ನುಗ್ಗಾನೆ?"
ಅತ್ತಿಗೆ ನಂಜಮಣಿಗೆ ಗುಂಡಿ ಅಂದರೆ ಒಂದೇ ಅರ್ಥ:
"ಬದುಕಿದ್ದಂಗೇ ತೋಡುಸ್ಕತಾವ್ಳಲ್ಲಪ್ಪ ಇವ್ಳು!"
ಚಿಕ್ಕಲಿಂಗ ಬೀಡಿ ಆರಿಸಿ ಹೇಳಿದ್ದು ಬೇರೆ:
"ನಾಲೆ ಬಿಟ್ರೆ ಇಲ್ಲಿ ತಳದಿಂದ ಜಲ ಒಸರ್ತದೆ ಕನಕ್ಕ.
ಒಳಗೆ ನೀರಿಲ್ದೆ ಖಾಲಿ ಬುಟ್ರೆ
ತೊಟ್ಟಿ ತೆಪ್ಪದಂಗೆ ಮ್ಯಾಕೆದ್ದು ಬತ್ತದೆ."

ಆ ರಾತ್ರಿ ನಿದ್ದೆ ಬರಲಿಲ್ಲ.
ಐದೂ ಸೀಟು ಹೊತ್ತು ನೆಲ ಸೀಳಿ ಮೇಲೆದ್ದ ತೊಟ್ಟಿ
ಹನಿಯಂಬಾಡಿ ರಸ್ತೆಯಲ್ಲಿ ತೇಲಿ ಹೋಗುತ್ತಿತ್ತು,
ನಾನು ಹಿಂದೆ ಓಡುತ್ತಿದ್ದೆ, ಚಿಲ್ಲರೆ ಕೊಡಿ ಎಂದು.

ಲೆಕ್ಕ ಹಾಕಿದರೆ ಇದು ಚಿಲ್ಲರೆಯೇ.
ಟಿಕೆಟಿನ ಬೆನ್ನಿಗೆ ಬರೆದುಕೊಟ್ಟು, ಇಳಿಯುವಾಗ ಇಸ್ಕೊಳ್ಳಿ ಅಂದು,
ಇಳಿಯುವಾಗ ಮರೆತದ್ದು.
ಮೇಲಿಟ್ಟರೆ ಅಗ್ಗ, ನನಗೂ ಗೊತ್ತು. ರಿಪೇರಿ ಸುಲಭ.
ಆದರೆ ಮೇಲಿಟ್ಟರೆ ಎರಡು ಮೆಟ್ಟಿಲು ಹತ್ತಬೇಕು.
ಹತ್ತಿದ್ದು ಸಾಕು.
ಇಳಿಯೋರು ಇಳೀರಿ, ಬೇಗ ಬೇಗ ಇಳೀರಿ
ಎಂದು ಊರಿಗೆಲ್ಲ ಕೂಗಿ, ಬಾಗಿಲು ಎಳೆದುಕೊಂಡು
ಡಿಪೋತನಕ ಹೋದವಳು ನಾನು.

ಸೋಮವಾರ ಒಂದು ಮೂಲೆಯಲ್ಲಿ, ಪರೀಕ್ಷೆಗೆ,
ಸೊಂಟದಾಳ ತೋಡಿಸಿದೆ.
ಮಂಗಳವಾರ ನಾಲೆಗೆ ನೀರು ಬಿಟ್ಟರು.
ಬುಧವಾರ ಬೆಳಿಗ್ಗೆ ತಳದಲ್ಲಿ ಮೊಳದಷ್ಟು ನೀರು,
ಕಪ್ಪು ಮಣ್ಣಿನ ವಾಸನೆ, ಕಡಿದ ನುಗ್ಗೆಬೇರಿನ ಬಿಳಿ ತುದಿ,
ಮತ್ತು ಯಾರನ್ನೂ ಕೇಳದೆ
ಆಗಲೇ ಹತ್ತಿ ಕೂತಿದ್ದ ಒಂದು ಕಪ್ಪೆ.
ಟಿಕೆಟ್ ಇಲ್ಲ, ಪಾಸೂ ಇಲ್ಲ.

ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ.
ತಣ್ಣಗೆ. ಮೂಳೆಗೆ ನಾಟುವಷ್ಟು.
ಬೇಕಿದ್ದದ್ದು ಬಿಸಿ; ಆದರೂ
ಎತ್ತಿಕೊಳ್ಳಲು ಮನಸ್ಸಾಗಲಿಲ್ಲ.

"ಮುಚ್ಚನಾ? ಅಗಲ ಮಾಡನಾ? ಏನಾರ ಒಂದು ಹೇಳಕ್ಕ,
ನಂಗೂ ಕೂಲಿ ಬೀಳ್ತದೆ."
ಗುದ್ದಲಿಯ ಕಾವಿಗೆ ಗಲ್ಲ ಊರಿ ನಿಂತಿದ್ದಾನೆ ಚಿಕ್ಕಲಿಂಗ.
ಬೀಗದ ಗೊಂಚಲಿನಲ್ಲಿ ಇನ್ನೂ ಇದೆ ನನ್ನ ಸೀಟಿ.
ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು,
ಅವನಿಗೂ ಗೊತ್ತು, ನನ್ನ ಬಸ್ಸಿನಲ್ಲೇ ಶಾಲೆಗೆ ಹೋದವನು.

ಒಂದು ಊದಿದೆ.
ಕಪ್ಪೆ ಅಲುಗಲಿಲ್ಲ.
ಚಿಕ್ಕಲಿಂಗ ಕಾಯುತ್ತಿದ್ದಾನೆ.