ಸೊಟ್ಟ ಸಾಲು

ಆರ್ಲಿಸ್ ಟ್ವೈಟ್ ಫೋನು ಮಾಡಿದಾಗ ಸಂಜೆ ಏಳೂವರೆ.
"ನನ್ನ ಟ್ರ್ಯಾಕ್ಟರು ತಾನು ಪಕ್ಕದವರ ಹೊಲದಲ್ಲಿದ್ದೇನೆ ಅನ್ನುತ್ತಿದೆ.
ನಾನೋ, ನನ್ನದರಲ್ಲೇ ಇದ್ದೇನೆ,
ಅರವತ್ಮೂರು ವರ್ಷದಿಂದ."

ಅದು ಹದಿನಾಲ್ಕನೇ ಕರೆ.
ಮಿನೆಸೋಟಾದ ಪಡುವಣ ಅಂಚು, ಮೇ ಹತ್ತು, ಶುಕ್ರವಾರ.
ವಾರಗಟ್ಟಲೆ ಹೊಯ್ದ ಮಳೆ ನಿಂತು
ಮಣ್ಣಿಗೆ ಹದ ಬಂದು ಎರಡೇ ದಿನ.
ಹದಕ್ಕೇನು, ಯಾರಿಗೂ ಕಾಯುವುದಿಲ್ಲ.

ಆರಿಸಿ ಮತ್ತೆ ಹಚ್ಚಿ ಎಂದೆ.
ಆಂಟೆನಾ ಒರೆಸಿ ಎಂದೆ.
ಹದಿನೈದನೆಯವನಿಗೂ ಅದನ್ನೇ ಅನ್ನುತ್ತಿರುವಾಗ
ಕಂಪನಿಯಿಂದ ಸಂದೇಶ ಬಂತು:
ಸೂರ್ಯನಲ್ಲಿ ಸ್ಫೋಟ. ದೋಷ ನಮ್ಮದಲ್ಲ.

ನಾನು ದುರಸ್ತಿಯವನು.
ಗೋಡೆಯ ಮೇಲೆ ನಲವತ್ತೆರಡು ಅಳತೆಯ ಸ್ಪ್ಯಾನರು.
ಗಿರಾಕಿಗೆ ಏನೆನ್ನಲಿ?
ಸೂರ್ಯ ಕೆಟ್ಟಿದೆ ಎಂದೆ, ಬಿಡಿಭಾಗ ಸಿಕ್ಕುವುದಿಲ್ಲ.
ಆರ್ಲಿಸ್ ನಗಲಿಲ್ಲ.

ಉಪಗ್ರಹ ಸುಳ್ಳು ಹೇಳಿರಲಿಲ್ಲ.
ಅದರ ಮಾತು ಕದಡಿದ ಬಾನಿನಲ್ಲಿ ತುಸು ತೊದಲಿತ್ತು, ಅಷ್ಟೇ:
ರೆಪ್ಪೆ ಬಡಿತದ ಹತ್ತು ಕೋಟಿಯ ಒಂದು ಪಾಲು ತಡ.
ನೆಲಕ್ಕಿಳಿದರೆ
ಎರಡು ಮೊಳ.

ಕತ್ತಲಾದ ಮೇಲೆ ಆಕಾಶ ಮೊದಲು ಗುಲಾಬಿಯಾಯಿತು,
ಆಮೇಲೆ ಹಸಿರು, ಆಮೇಲೆ ಹೆಸರಿಲ್ಲದ ಬಣ್ಣ.
ಪೇಟೆಯವರು ಕಂಬಳಿ ಹೊದ್ದು ರಸ್ತೆಗಿಳಿದರು,
ಮಕ್ಕಳನ್ನು ಎಬ್ಬಿಸಿ ತಂದರು, ಫೋಟೋ ತೆಗೆದರು.
ಹೊಲದಲ್ಲಿದ್ದವರು ತಲೆಯೆತ್ತಿ ಬೈದರು.
ವಿದ್ಯುತ್ ಕೇಂದ್ರದ ನನ್ನ ಭಾವ ಮನೆಗೆ ಬರಲೇ ಇಲ್ಲ.
"ಟ್ರಾನ್ಸ್‌ಫಾರ್ಮರುಗಳು ಗುಂಯ್ಗುಡುತ್ತಿದ್ದವು," ಅಂದ ಮರುದಿನ,
"ನಾವೂ ಅವುಗಳ ಮುಂದೆ ನಿಂತೇ ಇದ್ದೆವು."
ಅದರಾಚೆ ಏನೂ ಹೇಳಲಿಲ್ಲ. ಎರಡು ಸಲ ಕಾಫಿ ಕೇಳಿದ.

ಆರ್ಲಿಸ್ ಪರದೆಯ ಮೇಲೆ ಕೋಟು ಹೊದಿಸಿ
ದೂರದ ಕಣಜದ ದೀಪಕ್ಕೆ ಟ್ರ್ಯಾಕ್ಟರಿನ ಮೂತಿ ನೆಟ್ಟು
ಕಣ್ಣಳತೆಯಲ್ಲೇ ಬಿತ್ತಿದಳಂತೆ, ಎರಡು ಗಂಟೆಯವರೆಗೆ.
ಅಪ್ಪ ಹಾಗೇ ಬಿತ್ತುತ್ತಿದ್ದರು;
ಆದರೆ ಅಪ್ಪನ ಕೈಗೆ ದಿನವೂ ಅದೇ ಕೆಲಸವಿತ್ತು.

ಜುಲೈಯಲ್ಲಿ ಹೋಗಿ ನೋಡಿದೆ.
ಮಂಡಿ ದಾಟಿದ ಜೋಳ.
ಶುಕ್ರವಾರದ ಏಳೂವರೆಯವರೆಗೆ
ಬಾಚಿ ತೆಗೆದ ಬೈತಲೆಯಂಥ ಸಾಲು;
ಅಲ್ಲಿಂದ ಒಮ್ಮೆಲೇ ಪಕ್ಕಕ್ಕೆ ಸರಿದು,
ಎರಡು ಸಾಲು ಒಂದಕ್ಕೊಂದು ತಾಗಿ,
ನಡುವೆ ಬರಿ ನೆಲ ಬಿಟ್ಟು,
ಅವಳ ಕೈ ಅಂಜಿದ್ದೆಲ್ಲಿ, ನಿಂತದ್ದೆಲ್ಲಿ,
ಮತ್ತೆ ಧೈರ್ಯ ತಂದುಕೊಂಡದ್ದೆಲ್ಲಿ, ಎಲ್ಲ ಓದಬಹುದಿತ್ತು.
ಎಲೆಗಳಿಗೆ ಇದ್ಯಾವುದೂ ಗೊತ್ತಿಲ್ಲ.
ಸೊಟ್ಟಕ್ಕೂ ನೆಟ್ಟಗಿದ್ದಕ್ಕೂ ಅದೇ ಬಿಸಿಲು ಬೀಳುತ್ತಿತ್ತು.

"ಮತ್ತೆ ಯಾವಾಗ?" ಕೇಳಿದಳು.
"ಇದಕ್ಕಿಂತ ದೊಡ್ಡದೂ ಇದೆಯಂತೆ," ಎಂದೆ, "ದಿನ ಹೇಳಲಾರರು."

ಅಂಗಡಿಯ ಹಿಂದೆ, ಮುಳ್ಳುಗಿಡಗಳ ನಡುವೆ,
ಮಣ್ಣಿನಲ್ಲಿ ಗೆರೆ ಕೊರೆಯುವ ಹಳೆಯ ಕಬ್ಬಿಣದ ತೋಳೊಂದಿದೆ.
ಮುಂದಿನ ಸಾಲಿಗೆ ಗುರುತು ಹಾಕುತ್ತಿದ್ದದ್ದು ಅದೇ.
ತುಕ್ಕು ಕೆರೆದು ಗ್ರೀಸು ಹಚ್ಚಿಟ್ಟಿದ್ದೇನೆ.
ಬೆಲೆ ಇನ್ನೂ ಬರೆದಿಲ್ಲ.
ಮೂವರು ಆಗಲೇ ಕೇಳಿ ಹೋಗಿದ್ದಾರೆ.